ಕಾಸಿಯಾ: ಸಣ್ಣ ಮಾಲೀಕರ ಕೂಟ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಯಾವುದಾದರೂ ಅಡ್ಡರಸ್ತೆಯಲ್ಲಿ ಅರ್ಧ ಎಳೆದ ಶಟರಿನ ಕೆಳಗೆ ಬಗ್ಗಿ ಒಳಗೆ ನೋಡಿದರೆ ಮಾಲೀಕರು ಯಾರು, ಕೆಲಸಗಾರರು ಯಾರು ಎಂದು ತಟ್ಟನೆ ಗೊತ್ತಾಗುವುದಿಲ್ಲ. ಅಂಗಿಗೆ ಮೆತ್ತಿದ ಎಣ್ಣೆ ಇಬ್ಬರದ್ದೂ ಒಂದೇ. ವರ್ನಿಯರ್ ಹಿಡಿದು ಅಳತೆ ನೋಡುತ್ತಿರುವವರೇ ತಿಂಗಳ ಮೊದಲ ವಾರ ಸಂಬಳ ಬಟವಾಡೆ ಮಾಡುವವರು, ಜಿಎಸ್‌ಟಿ ರಿಟರ್ನ್ ಆಯಿತೇ ಎಂದು ಆಡಿಟರಿಗೆ ಫೋನು ಹಚ್ಚುವವರು, ಟೆಂಪೊ ಸಿಗದ ದಿನ ಮಾಲಿನ ಪೆಟ್ಟಿಗೆಯನ್ನು ಸ್ಕೂಟರಿನ ಕಾಲ ಬಳಿ ಇಟ್ಟುಕೊಂಡು ಹೊರಡುವವರು. ಸರ್ಕಾರಿ ಕಾಗದದಲ್ಲಿ ಇವರೂ ಉದ್ಯೋಗದಾತರು, ಸಾವಿರಾರು ಜನರನ್ನಿಟ್ಟುಕೊಂಡ ಕಂಪನಿಯೂ ಉದ್ಯೋಗದಾತ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಈ ಇಬ್ಬರಿಗೂ ಹೊರಟ ಆದೇಶ ಒಂದೇ ಆಗಿತ್ತು.

ಇಂಥ ಸಣ್ಣವರ ಪರವಾಗಿ ಮಾತಾಡಲು ರಾಜ್ಯದಲ್ಲಿ ಇರುವ ಹಳೆಯ ಮನೆ ಕರ್ನಾಟಕ ಸಣ್ಣ ಕೈಗಾರಿಕೆಗಳ ಸಂಘ. ಇಷ್ಟುದ್ದದ ಹೆಸರನ್ನು ಯಾರೂ ಹೇಳುವುದಿಲ್ಲ; ಎಲ್ಲರ ಬಾಯಲ್ಲೂ ಅದು ಕಾಸಿಯಾ. ಬೆಂಗಳೂರಿನ ವಿಜಯನಗರದಲ್ಲಿ, ಮಾಗಡಿ ಕಾರ್ಡ್ ರಸ್ತೆಯಲ್ಲಿ ಅದರ ಕಚೇರಿ. ಹುಟ್ಟಿದ್ದು 1949ರಲ್ಲಿ. ಎಚ್‌ಎಂಟಿ ಕಾರ್ಖಾನೆ ಬೆಂಗಳೂರಿಗೆ ಬರಲು ಆಗ ಇನ್ನೂ ನಾಲ್ಕು ವರ್ಷವಿತ್ತು, ಪೀಣ್ಯ ಬರೀ ಹಳ್ಳಿ.

ಅದಕ್ಕೂ ಮೊದಲು ಇಲ್ಲಿ ವ್ಯಾಪಾರಿಗಳ ಸಂಘಟನೆ ಇರಲಿಲ್ಲವೆಂದಲ್ಲ. ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1916ರಲ್ಲೇ ಮೈಸೂರು ವಾಣಿಜ್ಯ ಮಂಡಳಿ ಶುರುವಾಗಿತ್ತು. ಇಂದು ಕೆಂಪೇಗೌಡ ರಸ್ತೆಯಲ್ಲಿರುವ ಎಫ್‌ಕೆಸಿಸಿಐ ಅದರ ಮುಂದುವರಿಕೆ. ಹುಬ್ಬಳ್ಳಿಯಲ್ಲಿ 1928ರಿಂದಲೂ ಒಂದು ವಾಣಿಜ್ಯ ಸಂಸ್ಥೆ ಇದೆ. ಆದರೆ ಸಗಟು ವ್ಯಾಪಾರಿ, ಗಿರಣಿ ಮಾಲೀಕ, ದೊಡ್ಡ ಕಾರ್ಖಾನೆ ಎಲ್ಲರೂ ಕೂತ ಸಭೆಯಲ್ಲಿ ಆರು ಜನರ ಶೆಡ್ಡಿನವರ ಮಾತು ಕೊನೆಯ ಸಾಲಿನಿಂದ ಬರಬೇಕು. ಬೇರೆ ಸಂಘ ಬೇಕೆನಿಸಿದ್ದು ಸಹಜವೇ. ಇಂದು ಪೀಣ್ಯ, ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿಯ ಗೋಕುಲ ರಸ್ತೆ, ಶಿವಮೊಗ್ಗದ ಮಾಚೇನಹಳ್ಳಿ, ಮೈಸೂರಿನ ಹೆಬ್ಬಾಳು ಹೀಗೆ ಕೈಗಾರಿಕಾ ಪ್ರದೇಶ ಇದ್ದಲ್ಲೆಲ್ಲ ಸಣ್ಣ ಉದ್ಯಮಿಗಳು ಯಾವುದೋ ಒಂದು ಸಂಘ ಕಟ್ಟಿಕೊಂಡಿರುತ್ತಾರೆ. ಜಿಲ್ಲೆಯಲ್ಲಿ ಬಗೆಹರಿಯದ ದೂರು ವಿಧಾನಸೌಧದ ತನಕ ಹೋಗಬೇಕಾದಾಗ ಕಾಸಿಯಾ ಬೇಕಾಗುತ್ತದೆ.

ಇಂಥ ಸಂಘದ ಕೆಲಸ ಏನು? ಸನ್ಮಾನ, ಶಾಲು, ಮಂತ್ರಿಗಳ ಜೊತೆ ಫೋಟೊ ಇವೆಲ್ಲ ಇದ್ದೇ ಇರುತ್ತವೆ; ಬಿಡಿ. ನಿಜವಾದ ಕೆಲಸ ಕಣ್ಣಿಗೆ ಬಿದ್ದದ್ದು ಕೋವಿಡ್ ಕಾಲದಲ್ಲಿ. ವಾರಕ್ಕೊಂದು ಆದೇಶ, ಅದಕ್ಕೊಂದು ತಿದ್ದುಪಡಿ, ತಿದ್ದುಪಡಿಗೊಂದು ಸ್ಪಷ್ಟನೆ. ಅದನ್ನು ಓದಿ, ಇದು ನಿಮಗೆ ಅನ್ವಯಿಸುತ್ತದೆ, ಇದು ಅನ್ವಯಿಸುವುದಿಲ್ಲ ಎಂದು ಹೇಳುವವರು ಬೇಕಿತ್ತು.

2020ರ ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆ ಹೊರಡಿಸಿದ ಆದೇಶವನ್ನೇ ನೋಡಿ. ಮುಚ್ಚಿದ ಅವಧಿಗೂ ಕೆಲಸಗಾರರಿಗೆ ಪೂರ್ತಿ ಸಂಬಳ, ಕಡಿತವಿಲ್ಲದೆ, ಗೊತ್ತಾದ ದಿನವೇ ಕೊಡಬೇಕು. ಕೆಲಸಗಾರರ ಕಡೆಯಿಂದ ನೋಡಿದರೆ ನ್ಯಾಯವಾದ ಮಾತು. ಅವರು ಬದುಕುವುದಾದರೂ ಹೇಗೆ? ಆದರೆ ಶಟರ್ ಎಳೆದ ಶೆಡ್ಡಿಗೆ ಬಿಲ್ಲು ಆಗದು, ಹಳೆಯ ಬಿಲ್ಲಿನ ಹಣ ಬಾರದು. ಮಾರ್ಚ್ ಸಂಬಳವನ್ನು ಹೇಗೋ ಹೊಂದಿಸಿದವರಿಗೂ ಏಪ್ರಿಲ್ ಸಂಬಳ ಬೆಟ್ಟವಾಯಿತು. ಆ ಆದೇಶ ಮೇ 18ರಿಂದ ರದ್ದಾಯಿತು. ಸಂಬಳ ಕೊಡದ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ, ಎರಡೂ ಕಡೆಯವರು ಕೂತು ಮಾತಾಡಿ ಇತ್ಯರ್ಥ ಮಾಡಿಕೊಳ್ಳಲಿ ಎಂದು ಸುಪ್ರೀಂ ಕೋರ್ಟ್ ಜೂನ್ 12ರಂದು ಹೇಳಿತು. ಅಷ್ಟು ಹೊತ್ತಿಗೆ ಬಿಹಾರ, ಒಡಿಶಾ, ಉತ್ತರ ಪ್ರದೇಶದ ಹುಡುಗರು ಶ್ರಮಿಕ ರೈಲು ಹತ್ತಿ ಊರಿಗೆ ಹೋಗಿಯಾಗಿತ್ತು. ಕೂತು ಮಾತಾಡಲು ಎದುರಿಗೆ ಯಾರಿದ್ದರು?

ನೆರವು ಬರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಬಂತು. ಆದರೆ ಪ್ರತಿ ನೆರವಿನ ಕೊನೆಯಲ್ಲೂ ಒಂದು ಷರತ್ತು.

ಪಿಎಫ್ ವಿಷಯ ತೆಗೆದುಕೊಳ್ಳಿ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಾರ್ಮಿಕರ ಪಾಲು 12, ಮಾಲೀಕರ ಪಾಲು 12, ಒಟ್ಟು ಶೇ 24ನ್ನು ಕೇಂದ್ರವೇ ಕಟ್ಟುತ್ತದೆ ಎಂದಿತು. ನೂರು ಜನರವರೆಗಿನ ಸಂಸ್ಥೆಗೆ ಮಾತ್ರ, ಅದರಲ್ಲೂ ಶೇ 90 ಮಂದಿಯ ಸಂಬಳ 15,000 ರೂಪಾಯಿಗಿಂತ ಕಡಿಮೆ ಇರಬೇಕು. 24 ಜನರ ಒಂದು ಮೆಷಿನ್ ಶಾಪ್ ಇದೆ ಎನ್ನೋಣ. ಪ್ರೋಗ್ರಾಂ ಬರೆಯುವವರು ಒಬ್ಬರು, ಸೂಪರ್‌ವೈಸರ್ ಒಬ್ಬರು, ಕ್ವಾಲಿಟಿ ನೋಡುವವರು ಒಬ್ಬರು. ಈ ಮೂವರ ಸಂಬಳ 15,000 ದಾಟಿದರೆ ಉಳಿದವರು 21, ಅಂದರೆ ಶೇ 87.5. ನೆರವು ಇಲ್ಲ! ಆ ಮೂವರಲ್ಲಿ ಒಬ್ಬರ ಸಂಬಳ ಕಮ್ಮಿ ಇದ್ದಿದ್ದರೆ 22 ಆಗಿ ಆ 22 ಜನಕ್ಕೂ ಸಿಗುತ್ತಿತ್ತು. ಕೈಕೆಲಸ ಬಲ್ಲವರಿಗೆ ಒಳ್ಳೆಯ ಸಂಬಳ ಕೊಟ್ಟದ್ದೇ ಮಾಲೀಕರಿಗೆ ಮುಳುವಾಯಿತು. ಇನ್ನು 20 ಜನರಿಗಿಂತ ಕಡಿಮೆ ಇರುವ ಕಡೆ ಪಿಎಫ್ ಕಾಯ್ದೆಯೇ ಕಡ್ಡಾಯವಲ್ಲ. ಪಿಎಫ್ ಖಾತೆಯೇ ಇಲ್ಲದವರಿಗೆ ಈ ದಾರಿಯಲ್ಲಿ ಏನೂ ಬರುವಂತಿರಲಿಲ್ಲ.

ವಿದ್ಯುತ್ತಿನದು ಇನ್ನೊಂದು ಕಥೆ. ಕಾರ್ಖಾನೆಯ ಕರೆಂಟ್ ಬಿಲ್ಲಿನಲ್ಲಿ ಉರಿಸಿದ ಯೂನಿಟ್ಟಿನ ದುಡ್ಡು ಬೇರೆ, ನಿಗದಿತ ಶುಲ್ಕ ಬೇರೆ. ಎರಡನೆಯದು ಮಂಜೂರಾದ ಎಚ್‌ಪಿ ಲೆಕ್ಕದಲ್ಲಿ ಬೀಳುತ್ತದೆ. ಮೆಷಿನ್ ತಿರುಗಲಿ, ಧೂಳು ಹಿಡಿಯಲಿ, ಅದು ಕಟ್ಟಲೇಬೇಕು. ಬಂದಾದ ಕಾರ್ಖಾನೆಗೆ ಯಾತಕ್ಕೆ ಶುಲ್ಕ ಎಂಬ ಸಣ್ಣ ಕೈಗಾರಿಕೆಗಳ ಕೂಗು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರಿಗೆ ಮುಟ್ಟಿತು. 2020ರ ಮೇ 6ರಂದು ಅವರು ಘೋಷಿಸಿದ 1,610 ಕೋಟಿ ರೂಪಾಯಿ ಪ್ಯಾಕೇಜಿನಲ್ಲಿ ಸಣ್ಣ, ಮಧ್ಯಮ ಉದ್ಯಮಗಳಿಗೆ ಎರಡು ತಿಂಗಳ ನಿಗದಿತ ಶುಲ್ಕ ಮನ್ನಾ ಆಯಿತು. ದೊಡ್ಡವರಿಗೆ ಮನ್ನಾ ಅಲ್ಲ, ದಂಡವಿಲ್ಲದೆ ಎರಡು ತಿಂಗಳ ಮುಂದೂಡಿಕೆ ಅಷ್ಟೇ. ಕ್ಷೌರಿಕರು, ಅಗಸರು, ಆಟೊ ಚಾಲಕರಿಗೆ ತಲಾ 5,000 ರೂಪಾಯಿ ಎಂದದ್ದೂ ಅದೇ ಪ್ಯಾಕೇಜು. ನನ್ನ ಮಟ್ಟಿಗೆ ಆ ವರ್ಷದ ನೆರವುಗಳಲ್ಲಿ ಶೆಡ್ಡಿನವರಿಗೆ ಅರ್ಜಿ, ಅಫಿಡವಿಟ್ಟಿನ ಗೋಳಿಲ್ಲದೆ ಬಿಲ್ಲಿನಲ್ಲೇ ಕಂಡದ್ದು ಇದೊಂದೇ.

ಹೆಸರು ಮಾಡಿದ್ದು ಮಾತ್ರ ತುರ್ತು ಸಾಲ ಖಾತರಿ ಯೋಜನೆ. ಮೇ ತಿಂಗಳಲ್ಲಿ ಮೂರು ಲಕ್ಷ ಕೋಟಿ ರೂಪಾಯಿಯ ಮಿತಿಯೊಂದಿಗೆ ಬಂತು, ಮುಂದೆ ಐದು ಲಕ್ಷ ಕೋಟಿಗೆ ಬೆಳೆಯಿತು. ಅಡಮಾನ ಬೇಡ, ಮುಳುಗಿದರೆ ಸರ್ಕಾರದ ಖಾತರಿ. 2020ರ ಫೆಬ್ರುವರಿ 29ಕ್ಕೆ ಬ್ಯಾಂಕಿನಲ್ಲಿ ಎಷ್ಟು ಸಾಲ ಬಾಕಿಯಿತ್ತೋ ಅದರ ಶೇ 20. ಸಿಸಿ ಲಿಮಿಟ್ಟು, ಮೆಷಿನ್ ಲೋನು ಸೇರಿ 40 ಲಕ್ಷ ಇದ್ದವರಿಗೆ 8 ಲಕ್ಷ ಸಿಕ್ಕಿತು. ಬಡ್ಡಿ ಶೇ 9.25 ಮೀರದು. ಮೊದಲ ವರ್ಷ ಬಡ್ಡಿ ಮಾತ್ರ, ಅಸಲನ್ನು ಉಳಿದ ಮೂರು ವರ್ಷದಲ್ಲಿ ತೀರಿಸಬೇಕು. ತಿಂಗಳಿಗೆ ಅಸಲೇ 22,000 ರೂಪಾಯಿ ಚಿಲ್ಲರೆ. ಎಷ್ಟೋ ಜನ ಮೆಷಿನ್ ಮಾರದೆ ಉಳಿದದ್ದು ಈ ದುಡ್ಡಿನಿಂದ, ಅನುಮಾನ ಬೇಡ. ಆದರೆ ಹಳೆಯ ಸಾಲವೇ ಅಳತೆಗೋಲಾದ್ದರಿಂದ, ಬ್ಯಾಂಕಿನ ಮೆಟ್ಟಿಲು ಹತ್ತದೆ ಸ್ವಂತ ದುಡ್ಡಿನಲ್ಲಿ ನಡೆಸಿಕೊಂಡು ಬಂದವರ ಪಾಲಿಗೆ ಸೊನ್ನೆಯ ಶೇ 20, ಅಂದರೆ ಸೊನ್ನೆಯೇ. ಫೆಬ್ರುವರಿಯ ಹೊತ್ತಿಗೇ ಕಂತು 60 ದಿನಕ್ಕಿಂತ ಹಿಂದೆ ಬಿದ್ದಿದ್ದವರಿಗೂ ಇಲ್ಲ.

ಎರಡನೇ ಅಲೆಯಲ್ಲಿ ಪೆಟ್ಟು ಬೇರೆ ಕಡೆಯಿಂದ ಬಿತ್ತು. 2021ರ ಏಪ್ರಿಲ್ ಕೊನೆಯಲ್ಲಿ ಆಸ್ಪತ್ರೆಗಳಿಗೆ ಆಮ್ಲಜನಕ ಸಾಲದೆ, ಕೈಗಾರಿಕೆಗೆ ಅದರ ಪೂರೈಕೆಯನ್ನು ಕೇಂದ್ರ ನಿಲ್ಲಿಸಿತು. ಯಾರೂ ತಕರಾರು ಮಾಡುವ ಹೊತ್ತಲ್ಲ ಅದು. ಗ್ಯಾಸ್ ಕಟಿಂಗನ್ನೇ ನಂಬಿದ ಫ್ಯಾಬ್ರಿಕೇಷನ್ ಶೆಡ್ಡುಗಳು ಮಾತ್ರ ಕೆಲಸ ನಿಲ್ಲಿಸಿ ಕೂತವು. ಅದೇ ತಿಂಗಳು ಕೆಲಸದ ಜಾಗದಲ್ಲೇ ಲಸಿಕೆ ಹಾಕಬಹುದು ಎಂಬ ಅನುಮತಿ ಬಂದಿತ್ತು. ಆದರೆ ಒಂದೆಡೆ ಸುಮಾರು ನೂರು ಅರ್ಹರು ಬೇಕು. ಎಂಟು ಜನರಿರುವ ಕಡೆ ನೂರು ತೋಳು ಎಲ್ಲಿಂದ ಬರಬೇಕು? ಹತ್ತು ಹದಿನೈದು ಶೆಡ್ಡು ಸೇರಿಸಿ ಪಟ್ಟಿ ಮಾಡಲು ಸಂಘದಂಥದ್ದೇ ಬೇಕು. ಮಂತ್ರಿಗಳಿಗೆ ಕೊಡುವ ಮನವಿಪತ್ರಕ್ಕಿಂತ ಇಂಥ ಪಟ್ಟಿಗೇ ನಾನು ಹೆಚ್ಚು ಅಂಕ ಕೊಡುತ್ತೇನೆ.

ಬರೀ ನಷ್ಟದ ಲೆಕ್ಕವೇ ಅಲ್ಲ. ಮೈಸೂರಿನ ಸ್ಕ್ಯಾನ್‌ರೇ ಸಂಸ್ಥೆ ಬಿಇಎಲ್ ಜೊತೆ ಸೇರಿ 30,000 ವೆಂಟಿಲೇಟರುಗಳಿಗೆ ಕೈಹಾಕಿದಾಗ, ಹೊರದೇಶದಿಂದ ಬರುತ್ತಿದ್ದ ಬಿಡಿಭಾಗಗಳನ್ನು ಇಲ್ಲೇ ಮಾಡಬೇಕಾಯಿತು. ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡಿ ಪಳಗಿದ ಕೈಗಳು ಈ ನಾಡಿನಲ್ಲಿ ಇದ್ದದ್ದಕ್ಕೇ ಅದು ಆಯಿತು.

ಮಾಲೀಕರ ಬೇಡಿಕೆಗಳೆಲ್ಲ ಒಪ್ಪುವಂಥವೇ ಎಂದು ನಾನೇನೂ ಹೇಳುವುದಿಲ್ಲ. ಚೇತರಿಕೆಯ ಹೆಸರಿನಲ್ಲಿ ರಾಜ್ಯ ಸರ್ಕಾರ 2020ರ ಮೇ 22ರಂದು ದಿನದ ದುಡಿಮೆಯನ್ನು 10 ಗಂಟೆಗೆ, ವಾರದ್ದನ್ನು 60 ಗಂಟೆಗೆ ಏರಿಸಿತು. ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ಜೂನ್ 11ರಂದು ಹಿಂದಕ್ಕೆ ಪಡೆಯಿತು. ಒಳ್ಳೆಯದೇ ಆಯಿತು. ಆರ್ಡರೇ ಇಲ್ಲದಾಗ ಎರಡು ಗಂಟೆ ಹೆಚ್ಚು ದುಡಿಸಿ ಮಾಡುವುದಾದರೂ ಏನು? ಶೆಡ್ಡಿನವರಿಗೆ ಕೊರತೆಯಾಗಿದ್ದದ್ದು ಗಂಟೆಗಳಲ್ಲ, ರೊಕ್ಕ.

ಅದೂ ಅವರದೇ ರೊಕ್ಕ. ಮಾಲು ಕಳಿಸಿ, ಚಲನ್‌ಗೆ ಸಹಿ ಬಿದ್ದು, ತಿಂಗಳುಗಟ್ಟಲೆ ಬಾರದೆ ಉಳಿದ ಬಿಲ್ಲು. ಸಣ್ಣವರಿಗೆ ಸಾಲ ಕೊಡಿಸಲು ಸರ್ಕಾರ ತೋರಿದ ಉತ್ಸಾಹದ ಅರ್ಧದಷ್ಟನ್ನು ಅವರ ಬಾಕಿ ಕೊಡಿಸಲು ತೋರಿದ್ದರೆ ಅಷ್ಟು ಸಾಲವೇ ಬೇಕಾಗುತ್ತಿರಲಿಲ್ಲ. ಕಾನೂನು ಇಲ್ಲವೇ? ಇದೆ, 2006ರಿಂದಲೇ. ಕೊಂಡವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ದೂರು ಕೇಳಲು ಪ್ರತಿ ರಾಜ್ಯದಲ್ಲಿ ಮಂಡಳಿ ಇದೆ, 90 ದಿನದಲ್ಲಿ ತೀರ್ಮಾನಿಸಬೇಕೆಂಬ ನಿಯಮವಿದೆ. ತೀರ್ಪು ವಿರುದ್ಧ ಬಂದರೆ ಕೊಂಡ ಕಂಪನಿ ಶೇ 75 ಹಣ ಠೇವಣಿ ಇಡದೆ ಮೇಲೆ ಹೋಗುವಂತಿಲ್ಲ. 2017ರಲ್ಲಿ ದೂರನ್ನು ಆನ್‌ಲೈನಿನಲ್ಲೇ ಹಾಕಲು ‘ಸಮಾಧಾನ್’ ಎಂಬ ವ್ಯವಸ್ಥೆಯೂ ಬಂತು.

ಇಷ್ಟೆಲ್ಲ ಇದ್ದೂ ಶೆಡ್ಡಿನವರು ದೂರು ಹಾಕಲು ಹಿಂಜರಿಯುತ್ತಾರೆ. ಕಾರಣ ಎಲ್ಲರಿಗೂ ಗೊತ್ತು. ಇರುವುದು ಒಂದೋ ಎರಡೋ ದೊಡ್ಡ ಗಿರಾಕಿ. ಇಂದು ದೂರು ಕೊಟ್ಟರೆ ನಾಳೆ ಡ್ರಾಯಿಂಗ್ ಪಕ್ಕದ ಶೆಡ್ಡಿಗೆ ಹೋಗುತ್ತದೆ. ಪರ್ಚೇಸ್ ಆಫೀಸಿನ ಮುಂದೆ ಬೆಂಚಿನಲ್ಲಿ ಕೂತು, “ಸರ್, ಸ್ವಲ್ಪ ನೋಡಿ ಸರ್” ಎನ್ನುವುದೇ ಇವತ್ತಿಗೂ ಚಾಲ್ತಿಯಲ್ಲಿರುವ ವಸೂಲಿ ಕ್ರಮ. ಇಲ್ಲಿಯೇ ಸಂಘದ ಬೆಲೆ ಗೊತ್ತಾಗುವುದು. ಬಾಕಿಯ ಮಾತನ್ನು ಯಾವ ಶೆಡ್ಡಿನದೂ ಹೆಸರೆತ್ತದೆ ಸಂಘದ ಹೆಸರಿನಲ್ಲಿ ಆಡಬಹುದು.

ಸಾಂಕ್ರಾಮಿಕ ಮುಗಿದ ಮೇಲೆ ಎರಡು ಬದಲಾವಣೆ ಬಂದವು. ಕೋವಿಡ್ ಕಾಲದಲ್ಲಿ ಸರ್ಕಾರಿ ಗುತ್ತಿಗೆ ಪೂರೈಸಲಾಗದೆ ಭದ್ರತಾ ಠೇವಣಿ ಕಳೆದುಕೊಂಡಿದ್ದ ಸಣ್ಣ ಉದ್ಯಮಗಳಿಗೆ ಅದರ ಶೇ 95ನ್ನು ಹಿಂತಿರುಗಿಸುವುದಾಗಿ 2023ರ ಕೇಂದ್ರ ಬಜೆಟ್ ಹೇಳಿತು. ಇನ್ನೊಂದು, ಆದಾಯ ತೆರಿಗೆ ಕಾಯ್ದೆಗೆ ತಂದ ತಿದ್ದುಪಡಿ. ಕಿರು, ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣವನ್ನು ಗಡುವಿನೊಳಗೆ ಕೊಡದ ಕಂಪನಿ, ನಿಜವಾಗಿ ಹಣ ಕೊಡುವ ತನಕ ಅದನ್ನು ಖರ್ಚೆಂದು ತೋರಿಸಿ ತೆರಿಗೆ ಉಳಿಸಿಕೊಳ್ಳುವಂತಿಲ್ಲ. 2024ರ ಏಪ್ರಿಲ್ 1ರಿಂದ ಇದು ಜಾರಿಗೆ ಬಂತು. ದೂರು ಕೊಡದೆಯೇ ಕೊಂಡವರ ಜೇಬಿಗೆ ಬಿಸಿ ಮುಟ್ಟಿಸುವ ಈ ಉಪಾಯವನ್ನು ಮೆಚ್ಚಲೇಬೇಕು. ಇದರಿಂದ ನುಣುಚಿಕೊಳ್ಳಲು ದೊಡ್ಡವರು ಕಿರು, ಸಣ್ಣ ಉದ್ಯಮವೆಂದು ನೋಂದಣಿ ಇಲ್ಲದವರತ್ತ ವಾಲಬಹುದು ಎಂಬ ಅಳುಕು ಮಾತ್ರ ಸಣ್ಣವರಿಗೆ ಇದ್ದೇ ಇದೆ.

2025ರ ಏಪ್ರಿಲ್‌ನಿಂದ ಹೊಸದೊಂದು ತಕರಾರಿಗೂ ದಾರಿಯಾಗಿದೆ. ಮೊದಲು ಒಂದು ಕೋಟಿ ಹೂಡಿಕೆ, ಐದು ಕೋಟಿ ವಹಿವಾಟಿನ ತನಕ ಕಿರು ಉದ್ಯಮ ಎನ್ನುತ್ತಿದ್ದರು. ಈಗ ಆ ಮಿತಿ ಎರಡೂವರೆ ಕೋಟಿ, ಹತ್ತು ಕೋಟಿ. ಬ್ಯಾಂಕುಗಳು ತಮ್ಮ ಸಾಲದಲ್ಲಿ ಶೇ 7.5ನ್ನು ಕಿರು ಉದ್ಯಮಗಳಿಗೆ ಕೊಡಬೇಕೆಂಬ ನಿಯಮ ಇದೆಯಲ್ಲ, ಆ ಗುರಿಯನ್ನು ಹತ್ತು ಕೋಟಿ ವಹಿವಾಟಿನವರ ಅರ್ಜಿಗಳಲ್ಲೇ ಮುಗಿಸಿಕೊಳ್ಳಲು ಇನ್ನು ಅಡ್ಡಿಯಿಲ್ಲ. ವರ್ಷಕ್ಕೆ 30 ಲಕ್ಷ ವಹಿವಾಟಿನವರೂ ಹತ್ತು ಕೋಟಿಯವರೂ ಕಾಸಿಯಾದಂಥ ಸಂಘಗಳಲ್ಲಿ ಒಂದೇ ಸಭೆಯಲ್ಲಿ ಕೂರುತ್ತಾರೆ. ಮಿತಿ ಏರಿದ್ದು ಒಬ್ಬರಿಗೆ ಅನುಕೂಲ, ಇನ್ನೊಬ್ಬರಿಗೆ ಪೈಪೋಟಿ. ಸಂಘ ಯಾರ ಪರ ಮನವಿ ಬರೆಯಬೇಕು ಎಂಬುದು ಈಗ ಒಳಗಿನವರೇ ಕೂತು ತೀರ್ಮಾನಿಸಬೇಕಾದ ವಿಷಯ.