ಡ್ರಾಫ್ಟ್‌ನಲ್ಲಿ ಹೆಸರು ಬರದಿದ್ರೆ ಆಟ ಮುಗೀತಾ?

ಕ್ಯಾಂಪಸ್ ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲದ ಸಂಜೆ ನೆನಪಿದೆಯಾ? ನನಗಂತೂ ಚೆನ್ನಾಗಿ ನೆನಪಿದೆ. ಅಮೆರಿಕದ ಕಾಲೇಜು ಫುಟ್‌ಬಾಲ್ ಹುಡುಗರಿಗೂ ಪ್ರತಿವರ್ಷ ಏಪ್ರಿಲ್‌ನಲ್ಲಿ ಅಂಥದ್ದೇ ಸಂಜೆ ಬರುತ್ತೆ. ಎನ್‌ಎಫ್‌ಎಲ್ ಡ್ರಾಫ್ಟ್‌ನ 7 ಸುತ್ತುಗಳಲ್ಲಿ 32 ತಂಡಗಳು ಆರಿಸಿಕೊಳ್ಳೋದು ಸುಮಾರು 250 ಜನರನ್ನು. ಉಳಿದವರು?

ಅವರಿಗೂ ದಾರಿ ಇದೆ. ಡ್ರಾಫ್ಟ್‌ಗೆ ಅರ್ಹನಾಗಿದ್ದೂ ಯಾರೂ ಆರಿಸದ ಆಟಗಾರ, ಕರೆದ ತಂಡಗಳಲ್ಲಿ ತನಗೆ ಬೇಕಾದ್ದನ್ನು ಸೇರಬಹುದು. ಆಯ್ಕೆಯಾದವನಿಗೆ ಈ ಸ್ವಾತಂತ್ರ್ಯ ಇಲ್ಲ. ಆದ್ರೆ ಗ್ಯಾರಂಟಿ ಹಣ ಕಡಿಮೆ. ಶಿಬಿರಕ್ಕೆ ಬರೋ 90 ಜನರಲ್ಲಿ ಕೊನೆಗೆ ತಂಡದಲ್ಲಿ ಉಳಿಯೋದು 53 ಜನ ಮಾತ್ರ.

ಕರ್ಟ್ ವಾರ್ನರ್ ಕಥೆ ನೋಡಿ. 1994ರಲ್ಲಿ ಅವರನ್ನು ಯಾರೂ ಆರಿಸಲಿಲ್ಲ. ಗ್ರೀನ್ ಬೇ ಪ್ಯಾಕರ್ಸ್ ಶಿಬಿರಕ್ಕೆ ಕರೆದು, ಸೀಸನ್‌ಗೆ ಮೊದಲೇ ಕೈಬಿಟ್ಟಿತು. ಅಯೋವಾದ ಸೂಪರ್‌ಮಾರ್ಕೆಟ್‌ನಲ್ಲಿ ರಾತ್ರಿಪಾಳಿ ಮಾಡಿ ಸಾಮಾನು ಜೋಡಿಸಿದರು. ಆಮೇಲೆ ಒಳಾಂಗಣ ಲೀಗ್‌ನಲ್ಲಿ ಆಡಿದರು. 2000ದ ಜನವರಿಯಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್‌ಗೆ ಸೂಪರ್ ಬೌಲ್ ಗೆದ್ದುಕೊಟ್ಟು, ಪಂದ್ಯಶ್ರೇಷ್ಠರೂ ಆದರು.

ಎಲ್ಲರೂ ವಾರ್ನರ್ ಆಗಲ್ಲ, ನಿಜ. ಹೆಚ್ಚಿನವರು ಶಿಬಿರದಿಂದಲೇ ಮನೆಗೆ ಹೋಗ್ತಾರೆ. ನನಗೂ ಆಫ್-ಕ್ಯಾಂಪಸ್‌ನಲ್ಲಿ ಕೆಲಸ ಸಿಗೋಕೆ ಹನ್ನೊಂದು ತಿಂಗಳು ಬೇಕಾಯ್ತು. ಈ ವರ್ಷ ಪಟ್ಟಿಯಲ್ಲಿ ಹೆಸರಿಲ್ಲದ ತಮ್ಮನೋ ತಂಗಿಯೋ ಮನೇಲಿದ್ರೆ, ಇವತ್ತು ರಾತ್ರಿ ಊಟಕ್ಕೆ ಕೂತಾಗ ಈ ಕಥೆ ಹೇಳಿ.