ಚೀನೀಯರ ಕ್ರೈಸ್ತ ಮತಕ್ಕೆ ಬಳ್ಳಾರಿ ಸೀಮೆಯ ನಂಟು

ಕರ್ನೂಲು ಜಿಲ್ಲೆಯ ಪತ್ತಿಕೊಂಡವನ್ನು ನಮ್ಮ ವಾಚಕರು ಬಲ್ಲದ್ದು ಬಹುಶಃ ಒಂದೇ ಕಾರಣಕ್ಕೆ. ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ 1827ರ ಜುಲೈ 6ರಂದು ಕಾಲರಾ ತಗಲಿ ತೀರಿಕೊಂಡದ್ದು ಅಲ್ಲಿಯೇ. ಆಗ ಅದು ಬಳ್ಳಾರಿ ಜಿಲ್ಲೆಯ ಊರು. ಕರ್ನೂಲಿಗೆ ಸೇರಿದ್ದು 1858ರಲ್ಲಿ. ನೆರೆಯ ಆದವಾನಿ, ಆಲೂರುಗಳು 1953ರ ವರೆಗೂ ಬಳ್ಳಾರಿಯವೇ ಆಗಿದ್ದವು. ಗಡಿ ಸರಿದಾಗ ಆಚೆ ಉಳಿದ ಕನ್ನಡಿಗರ ಪಾಡನ್ನು ಕಾಸರಗೋಡಿನ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಈ ಸೀಮೆಗೂ ದೂರದ ಚೀನಕ್ಕೂ ಒಂದು ನಂಟಿದೆ. ಲಂಡನ್ ಮಿಶನ್ 1807ರಲ್ಲಿ ರಾಬರ್ಟ್ ಮಾರಿಸನ್‌ನನ್ನು ಕ್ಯಾಂಟನ್ನಿಗೂ, 1810ರಲ್ಲಿ ಜಾನ್ ಹ್ಯಾಂಡ್ಸ್‌ನನ್ನು ಬಳ್ಳಾರಿಗೂ ಕಳುಹಿಸಿತು. ಕಂಪೆನಿ ಸರಕಾರಕ್ಕೆ ಪಾದ್ರಿಗಳೆಂದರೆ ಆಗ ಅಷ್ಟಕ್ಕಷ್ಟೆ. ಮಾರಿಸನ್ ಅಮೆರಿಕವನ್ನು ಸುತ್ತಿ ಚೀನ ಸೇರಬೇಕಾಯಿತು. ವಿದೇಶೀಯರಿಗೆ ಚೀನೀ ಭಾಷೆ ಕಲಿಸುವುದೇ ಅಲ್ಲಿ ಅಪರಾಧ. ಆದರೂ ಅವನೂ ಮಿಲ್ನ್ ಎಂಬಾತನೂ ಅನುವಾದಿಸಿದ ಚೀನೀ ಬೈಬಲ್ 1823ರಲ್ಲಿ ಮಲಾಕದಲ್ಲಿ ಅಚ್ಚಾಯಿತು. ಬಳ್ಳಾರಿಯಲ್ಲಿ ಹ್ಯಾಂಡ್ಸ್ ಮತ್ತು ಸಂಗಡಿಗರ ಕನ್ನಡ ಬೈಬಲ್ 1831ರ ಹೊತ್ತಿಗೆ ಪೂರ್ಣಗೊಂಡಿತು. ಮಾರಿಸನ್ ಚೀನೀ ನಿಘಂಟು ಬರೆದಂತೆ ಬಳ್ಳಾರಿಯ ರೀವ್ ಕನ್ನಡ ನಿಘಂಟು ಬರೆದನು. ಕಿಟ್ಟೆಲರನ್ನು ನೆನೆಯುವ ನಾವು ರೀವ್‌ನನ್ನು ಮರೆತೇಬಿಟ್ಟಿದ್ದೇವೆ.

ಮಿಲ್ನ್‌ನಿಂದ ದೀಕ್ಷೆ ಪಡೆದ ಲಿಯಾಂಗ್ ಫಾ ಅಚ್ಚಿನ ಮರದ ಪಡಿಯಚ್ಚು ಕೆತ್ತುವವನು. ಅವನು ಬರೆದ ಪುಸ್ತಿಕೆ ಹುಂಗ್ ಸಿಯುಚುವಾನ್ ಎಂಬವನ ಕೈಸೇರಿತು. ಈತ ಸರಕಾರಿ ಪರೀಕ್ಷೆಯಲ್ಲಿ ಮತ್ತೆ ಮತ್ತೆ ನಪಾಸಾದವನು, ಹಳ್ಳಿಶಾಲೆಯ ಮಾಸ್ತರ. (ನಮ್ಮ ವೃತ್ತಿಯವನೇ, ಏನು ಮಾಡೋಣ!) ತಾನು ಕ್ರಿಸ್ತನ ತಮ್ಮನೆಂದು ಸಾರಿ ಅವನು ಎಬ್ಬಿಸಿದ ತೈಪಿಂಗ್ ದಂಗೆ 1864ರಲ್ಲಿ ಅಡಗುವಷ್ಟರಲ್ಲಿ ಸತ್ತವರು ಎರಡು ಕೋಟಿಗೂ ಹೆಚ್ಚೆಂಬ ಅಂದಾಜಿದೆ.

ಹುಂಗ್ ಹಕ್ಕಾ ಜನಾಂಗದವನು. ಕ್ಯಾಂಟನ್ ಸೀಮೆಯಲ್ಲಿ ಬೇರೆ ಮಾತಾಡುತ್ತ, ‘ಹೊರಗಿನಿಂದ ಬಂದವರು’ ಎನಿಸಿಕೊಂಡು ಬಾಳಿದ ಜನ ಅವರು. ಅವರ ನಡುವೆ ಕೆಲಸಕ್ಕೆ ನಿಂತದ್ದು ನಮ್ಮ ಮಂಗಳೂರಿಗೆ 1834ರಲ್ಲಿ ಬಂದಿದ್ದ ಬಾಸೆಲ್ ಮಿಶನ್ನೇ. ಅದರ ಲೆಖ್ಲರ್ ಮತ್ತು ಹಾಂಬರ್ಗ್ 1847ರಲ್ಲಿ ಹಾಂಗ್‌ಕಾಂಗ್ ತಲಪಿದರು. ಲೆಖ್ಲರನ ಹಕ್ಕಾ ಮತ್ತಾಯ ಸುವಾರ್ತೆ 1860ರಲ್ಲಿ ಪ್ರಕಟವಾಯಿತು. ಆಡುಮಾತಿಗೆ ಅಕ್ಷರದ ಗೌರವ ಸಿಕ್ಕಿತು.

1949ರ ಕ್ರಾಂತಿಯ ಬಳಿಕ ವಿದೇಶೀ ಪಾದ್ರಿಗಳು ಚೀನ ಬಿಡಬೇಕಾಯಿತು. ಆಗ ಅಲ್ಲಿದ್ದ ಪ್ರಾಟೆಸ್ಟಂಟರು ಹತ್ತು ಲಕ್ಷದೊಳಗೆ. 1966ರ ಸಾಂಸ್ಕೃತಿಕ ಕ್ರಾಂತಿಯಲ್ಲಿ ಇಗರ್ಜಿಗಳಿಗೆಲ್ಲ ಬೀಗ. ಮತ ಮುಗಿಯಿತೆಂದೇ ಹೊರಗಿನವರು ಬಗೆದರು. ಅದು ಮನೆಗಳೊಳಗೆ, ಪ್ರಾಯಶಃ ಅಜ್ಜಿಯಂದಿರ ಬಾಯಲ್ಲಿ, ಉಳಿದಿತ್ತು. 1979ರಿಂದ ಬಾಗಿಲುಗಳು ತೆರೆದವು. 2018ರ ಸರಕಾರಿ ಶ್ವೇತಪತ್ರವೇ ಪ್ರಾಟೆಸ್ಟಂಟರು 3 ಕೋಟಿ 80 ಲಕ್ಷ, ಕೆಥೊಲಿಕರು 60 ಲಕ್ಷ ಎಂದಿತು. ನೋಂದಣಿಯಿಲ್ಲದ ಮನೆಸಭೆಗಳನ್ನು ಸೇರಿಸಿದರೆ ಲೆಕ್ಕ ಇನ್ನೂ ದೊಡ್ಡದೆನ್ನುವವರಿದ್ದಾರೆ. ನಾನ್‌ಜಿಂಗ್‌ನ ಅಮಿಟಿ ಮುದ್ರಣಾಲಯ ಕೋಟಿಗಟ್ಟಲೆ ಬೈಬಲ್ ಅಚ್ಚುಹಾಕಿದೆ. ಇತ್ತ ಜೆಜಿಯಾಂಗ್ ಪ್ರಾಂತದಲ್ಲಿ 2014ರಿಂದ ಇಗರ್ಜಿಗಳ ಶಿಲುಬೆಗಳನ್ನು ಇಳಿಸಿದ್ದೂ ಉಂಟು.

ಸರಕಾರ ಬೀಗ ಹಾಕಿದರೂ ಮತ ಉಳಿಯಿತು, ಅದು ಚೀನೀಯರ ಸ್ವಂತದ್ದಾಗಿತ್ತು. ನಮ್ಮನ್ನು ಕಾಡುವುದು ಹಕ್ಕಾ ಮಾತಿನ ಗತಿ. ಹಾಂಗ್‌ಕಾಂಗಿನಲ್ಲಿ ಬಾಸೆಲ್ ಮಿಶನ್ ಕಟ್ಟಿದ ಹಕ್ಕಾ ಸಭೆ ಈಗಲೂ ಇದೆ, ತ್ಸುಂಗ್ ತ್ಸಿನ್ ಎಂಬ ಹೆಸರಿನಲ್ಲಿ. ಶಾಲೆಗಳನ್ನೂ ನಡೆಸುತ್ತಿದೆ. ಯಾರೂ ಅದನ್ನು ಹಿಂಸಿಸಲಿಲ್ಲ. ಆದರೆ ಅಲ್ಲಿನ ಆರಾಧನೆ ಇಂದು ಬಹುಮಟ್ಟಿಗೆ ಸುತ್ತಲಿನ ಕ್ಯಾಂಟನೀ ಭಾಷೆಯಲ್ಲಿ. ಮಕ್ಕಳು ಶಾಲೆಯಲ್ಲಿ ಕಲಿತದ್ದು ಅದನ್ನೇ. ಹಿರಿಯರು ಮಕ್ಕಳಿಗಾಗಿ ಸರಿದುಕೊಂಡರು.

ತೈವಾನಿನ ಹಕ್ಕಾ ಜನ ಮಾತ್ರ ಬೇರೆ ದಾರಿ ಹಿಡಿದರು. ತಮ್ಮ ಮಾತಿನಲ್ಲಿ ಹೊಸತಾಗಿ ಅನುವಾದಕ್ಕೆ ಕುಳಿತು, 1993ರಲ್ಲಿ ಹೊಸ ಒಡಂಬಡಿಕೆಯನ್ನೂ 2012ರಲ್ಲಿ ಇಡೀ ಬೈಬಲನ್ನೂ ಹೊರತಂದರು.