ತೆಂಗಿನ ತೋಟದಲ್ಲಿ ಅಜೋಲದ ಬೆಳೆ: ಅದರ ಪ್ರಯೋಜನವೂ ಮಿತಿಯೂ

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ತೆಂಗೇ ರೈತನ ಮುಖ್ಯವಾದ ಆಧಾರವಾಗಿರುತ್ತದೆ. ಉಂಡೆಕೊಬ್ಬರಿಯ ಧಾರಣೆ ಇಳಿದ ವರ್ಷಗಳಲ್ಲಿ ಅನೇಕ ಸಂಸಾರಗಳ ದಿನವಹಿ ಖರ್ಚನ್ನು ತೂಗಿಸುವುದು ಕೊಟ್ಟಿಗೆಯ ಹಾಲು. ಆದರೆ ಬೇಸಗೆ ಬಲಿತೊಡನೆ ಹಸುರುಮೇವು ಮುಗಿದು, ದನಗಳು ಒಣ ರಾಗಿಹುಲ್ಲನ್ನೇ ನಂಬಬೇಕಾಗುವುದು. ರಾಗಿಹುಲ್ಲು ಹೊಟ್ಟೆಯನ್ನು ತುಂಬಿಸುವುದೇ ಹೊರತು ಸಸಾರಜನಕವನ್ನು ಸಾಕಷ್ಟು ಒದಗಿಸಲಾರದು. ಹಿಂಡಿಯನ್ನು ಕೊಳ್ಳಲು ಕೈಯಲ್ಲಿ ಹಣ ಬೇಕು. ಈ ಕೊರತೆಯನ್ನು ಕೊಂಚಮಟ್ಟಿಗೆ ತುಂಬಬಲ್ಲ ಅಜೋಲವೆಂಬ ಗಿಡದ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಗಿಡದ ಸ್ವಭಾವ

ಬಣ್ಣದ ಮೀನುಗಳನ್ನು ಸಾಕುವವರು ಗಾಜಿನ ತೊಟ್ಟಿಗಳಲ್ಲಿ ಶೋಭೆಗಾಗಿ ಬೆಳೆಸುವ ನೀರ್ಗಿಡಗಳಲ್ಲಿ ಅಜೋಲವೂ ಒಂದು. ನೋಡುವುದಕ್ಕೆ ಪಾಚಿಯಂತಿದ್ದರೂ ಇದು ಪಾಚಿಯಲ್ಲ. ನೀರಿನ ಮೇಲೆ ತೇಲುವ ಸಣ್ಣ ಜರೀಗಿಡ. ಇದರ ಎಲೆಗಳ ಪೊಟರೆಗಳಲ್ಲಿ ಅನಬೀನ ಎಂಬ ಅತಿಸೂಕ್ಷ್ಮವಾದ ಜೀವಿಯು ನೆಲೆಸಿದ್ದು, ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವುದು. ಈ ಗುಣದಿಂದಲೇ ವಿಯಟ್ನಾಂ ಮತ್ತು ಚೀನಾ ದೇಶಗಳ ರೈತರು ಶತಮಾನಗಳಿಂದ ಇದನ್ನು ಭತ್ತದ ಗದ್ದೆಗೆ ಹಸುರುಗೊಬ್ಬರವಾಗಿ ಉಪಯೋಗಿಸುತ್ತ ಬಂದಿದ್ದಾರೆ. ನಮ್ಮ ದೇಶದಲ್ಲಿಯೂ ಕಟಕ್ ನಗರದ ಭತ್ತದ ಸಂಶೋಧನಾ ಸಂಸ್ಥೆಯಲ್ಲಿ 1970ರ ದಶಕದಲ್ಲಿ ಇದರ ಪರೀಕ್ಷೆಗಳು ನಡೆದುವು. ದನಗಳ ಮೇವಾಗಿ ಇದರ ಪ್ರಚಾರವಾದದ್ದು ತರುವಾಯ.

ಸ್ಥಳದ ಆಯ್ಕೆ

ಅಜೋಲಕ್ಕೆ ಪೂರ್ಣವಾದ ಬಿಸಿಲೂ ಸಲ್ಲದು, ಕತ್ತಲೆಯೂ ಸಲ್ಲದು. ಬಿಸಿಲು ಸೋಸಿ ಬೀಳುವ ತೆಂಗಿನ ತೋಟವು ಇದಕ್ಕೆ ಒಪ್ಪುವ ಸ್ಥಳ. ಆದರೆ ಗುಂಡಿಯನ್ನು ಮರದ ಬುಡದಲ್ಲಿ ತೆಗೆಯಬಾರದು. ಬಿದ್ದ ಕಾಯಿಯೂ ಗರಿಯೂ ಹಾಳೆಯನ್ನು ಹರಿದುಬಿಡುವುವು. ಸಾಲುಗಳ ನಡುವೆ, ಕೊಟ್ಟಿಗೆಗೆ ಸಮೀಪವಾಗಿ ತೆಗೆಯುವುದು ಮೇಲು. ಕೊಳವೆಬಾವಿಯ ನೀರು ಸವುಳಾಗಿದ್ದರೆ ಗಿಡ ಏಳಿಗೆಯಾಗದು. ಅಂಥ ಕಡೆ ಶೇಖರಿಸಿದ ಮಳೆನೀರನ್ನು ಬಳಸತಕ್ಕದ್ದು.

ಬೆಳೆಸುವ ಕ್ರಮ

ಸುಮಾರು 6 ಅಡಿ ಉದ್ದ, 3 ಅಡಿ ಅಗಲ, 8 ಅಂಗುಲ ಆಳದ ಗುಂಡಿಯನ್ನು ಮಟ್ಟಸವಾಗಿ ತೆಗೆದು, ಕಲ್ಲು ಬೇರುಗಳನ್ನು ಆರಿಸಿ, ದಪ್ಪನಾದ ಪ್ಲಾಸ್ಟಿಕ್ ಹಾಳೆಯನ್ನು ಹಾಸಬೇಕು. ಅದರ ಮೇಲೆ ಜರಡಿಯಾಡಿದ ಫಲವತ್ತಾದ ಮಣ್ಣನ್ನು 10ರಿಂದ 15 ಕಿಲೋಗ್ರಾಂ ಹರಡಿ, 2 ಕಿಲೋಗ್ರಾಂ ಸಗಣಿಯನ್ನೂ 30 ಗ್ರಾಂ ಸೂಪರ್ ಫಾಸ್ಫೇಟನ್ನೂ 10 ಲೀಟರು ನೀರಿನಲ್ಲಿ ಕದಡಿ ಹುಯ್ಯಬೇಕು. ನಾಲ್ಕು ಅಂಗುಲ ನಿಲ್ಲುವಷ್ಟು ನೀರು ತುಂಬಿ, ಅರ್ಧದಿಂದ ಒಂದು ಕಿಲೋಗ್ರಾಂ ಶುದ್ಧವಾದ ಅಜೋಲವನ್ನು ಎರಚಿದರೆ, ಎರಡು ವಾರಗಳೊಳಗಾಗಿ ಗುಂಡಿ ತುಂಬುವುದು. ಆ ಮೇಲೆ ದಿನಕ್ಕೆ ಸುಮಾರು ಅರ್ಧ ಕಿಲೋಗ್ರಾಂ ತೆಗೆಯಬಹುದು.

ಐದು ದಿನಗಳಿಗೊಮ್ಮೆ ಒಂದು ಕಿಲೋಗ್ರಾಂ ಸಗಣಿ ಮತ್ತು 20 ಗ್ರಾಂ ಸೂಪರ್ ಫಾಸ್ಫೇಟು, ಹತ್ತು ದಿನಗಳಿಗೊಮ್ಮೆ ನಾಲ್ಕನೆಯ ಒಂದು ಪಾಲು ಹೊಸ ನೀರು, ತಿಂಗಳಿಗೊಮ್ಮೆ 5 ಕಿಲೋಗ್ರಾಂ ಹೊಸ ಮಣ್ಣು ಅವಶ್ಯಕ. ತೆಗೆದ ನೀರನ್ನೂ ಮಣ್ಣನ್ನೂ ತೆಂಗಿನ ಪಾತಿಗೆ ಹಾಕಿದರೆ ಒಳ್ಳೆಯ ಗೊಬ್ಬರವಾಗುವುದು. ದಿನವೂ ತೆಗೆಯದೆ ಬಿಟ್ಟರೆ ಗಿಡಗಳು ಒಂದರ ಮೇಲೊಂದು ಒತ್ತಿ ಕೊಳೆಯುವುವು. ಬಿಸಿಲು ಹೆಚ್ಚಾದರೂ ರಂಜಕಾಂಶ ಕಡಿಮೆಯಾದರೂ ಎಲೆ ಕೆಂಪಗಾಗುವುದು. ಕಡುಬೇಸಗೆಯಲ್ಲಿ ಬೆಳವಣಿಗೆ ಕುಗ್ಗುವುದರಿಂದ, ಗರಿಯ ಚಪ್ಪರವನ್ನು ಮೊದಲೇ ಕಟ್ಟಿರತಕ್ಕದ್ದು. ಮೇವಿನ ಅಗತ್ಯ ಅತ್ಯಧಿಕವಾಗಿರುವುದೂ ಆಗಲೇ.

ಲಾಭದ ನಿಜವಾದ ಲೆಕ್ಕ

ಒಣಗಿಸಿದ ಅಜೋಲದಲ್ಲಿ ನೂರಕ್ಕೆ 20ರಿಂದ 25 ಪಾಲು ಸಸಾರಜನಕವುಂಟು. ಈ ಅಂಕಿಯನ್ನು ಮಾತ್ರ ಕೇಳಿದವರು ಹಿಂಡಿಯನ್ನೇ ನಿಲ್ಲಿಸಬಹುದೆಂದು ಭ್ರಮಿಸುವುದುಂಟು. ಹಸಿಯ ಅಜೋಲದಲ್ಲಿ ನೂರಕ್ಕೆ 94 ಪಾಲಿನಷ್ಟು ನೀರೇ ಇರುವುದನ್ನು ಮರೆಯಬಾರದು. ಒಂದು ಹಸುವಿಗೆ ದಿನಕ್ಕೆ ಕೊಡುವ 2 ಕಿಲೋಗ್ರಾಂ ಅಜೋಲದಲ್ಲಿ ಒಣಸಾರ 120 ಗ್ರಾಂ, ಅದರಲ್ಲಿ ಸಸಾರಜನಕ ಹೆಚ್ಚೆಂದರೆ 30 ಗ್ರಾಂ. ಇದು ಸುಮಾರು 70 ಗ್ರಾಂ ಕಡಲೆಕಾಯಿ ಹಿಂಡಿಗೆ ಸಮ. ಈ ಪ್ರಮಾಣಕ್ಕೆ ಮೇಲೆ ಹೇಳಿದಂಥ ನಾಲ್ಕು ಗುಂಡಿಗಳು ಬೇಕು. ಆದುದರಿಂದ ಅಜೋಲವು ಪೂರಕವೇ ಹೊರತು ಪೂರ್ಣ ಆಹಾರವಲ್ಲ. ಸಾಲ ಮಾಡಿ ದೊಡ್ಡ ತೊಟ್ಟಿಗಳನ್ನು ಕಟ್ಟುವುದು ವಿವೇಕವಲ್ಲ. ಒಂದು ಕರು, ನಾಲ್ಕು ಕೋಳಿಗಳಿರುವ ಮನೆಗೆ ಒಂದು ಗುಂಡಿ ಒಪ್ಪುವುದು. ಹಸುಗಳ ಮೇವಿಗೆ ತೋಟದ ಬದುಗಳಲ್ಲಿ ಅಗಸೆ, ಗ್ಲಿರಿಸಿಡಿಯ ಮರಗಳನ್ನೂ ಸಾಲುಗಳ ನಡುವೆ ಮೇವಿನ ಹುಲ್ಲನ್ನೂ ಬೆಳೆಸುವುದನ್ನು ಬಿಡಬಾರದು.

ಎಚ್ಚರಿಕೆಗಳು

ಅಜೋಲವನ್ನು ಸಗಣಿಯ ವಾಸನೆ ಹೋಗುವಂತೆ ಚೆನ್ನಾಗಿ ತೊಳೆದು, ಮೊದಲ ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹಿಂಡಿಬೂಸದೊಡನೆ ಕಲಸಿ ಕೊಡತಕ್ಕದ್ದು. ಹಳಸಿದ ನೀರಿನ ಗಿಡವನ್ನಾಗಲಿ, ಹುಳುವಿಗೆ ವಿಷದೌಷಧ ಸಿಂಪಡಿಸಿದ ಗುಂಡಿಯ ಗಿಡವನ್ನಾಗಲಿ ದನಗಳಿಗೆ ಹಾಕಕೂಡದು. ಚಿಕ್ಕ ಮಕ್ಕಳು ಬೀಳದಂತೆ ಸುತ್ತಲೂ ಬೇಲಿ ಕಟ್ಟಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅಜೋಲವನ್ನು ಊರಿನ ಕೆರೆಕಟ್ಟೆಗಳಿಗೆ ಬಿಡಬಾರದು. ಅದು ದಟ್ಟವಾಗಿ ಹಬ್ಬಿ ನೀರಿಗೆ ಬೆಳಕನ್ನು ತಡೆದರೆ ಮೀನುಗಳಿಗೆ ಕೇಡಾಗುವುದು. ಅಂತರಗಂಗೆಯು ಕೆರೆಗಳಿಗೆ ಮಾಡಿರುವ ಹಾವಳಿ ಎಲ್ಲರಿಗೂ ತಿಳಿದದ್ದೇ.

ಗ್ರಾಮದ ಮುಖಂಡರೂ ಜಮೀನುದಾರರೂ ಮೊದಲು ಒಂದೊಂದು ಗುಂಡಿಯನ್ನು ಮಾಡಿಸಿ, ಹಾಕಿದ ಖರ್ಚು, ತೆಗೆದ ಅಜೋಲ, ಉಳಿತಾಯವಾದ ಹಿಂಡಿ ಇವುಗಳನ್ನು ಆರು ತಿಂಗಳ ಕಾಲ ಬರೆದಿಡುವುದು ಒಳ್ಳೆಯದು. ಆ ಲೆಕ್ಕವನ್ನು ನೆರೆಯ ಸಣ್ಣ ರೈತರಿಗೆ ತೋರಿಸಿದರೆ, ಅವರು ತಮ್ಮ ಅಲ್ಪ ಹಣವನ್ನು ಹಾಕುವ ಮುನ್ನ ಅದರ ಫಲವನ್ನು ಕಣ್ಣಾರೆ ಕಂಡು ತೀರ್ಮಾನಿಸಲು ಅನುಕೂಲವಾಗುವುದು.